ತೆಂಗಿನ ಹರಳು ಉದುರುವಿಕೆ: ಸಸ್ಯ ಹಾರ್ಮೋನು ಮತ್ತು ವಂಶವಾಹಿ ನಿಶ್ಶಬ್ದೀಕರಣ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿಯ ಆದಾಯವು ಹೊಂಬಾಳೆಯಲ್ಲಿ ಉಳಿಯುವ ಹರಳುಗಳನ್ನು ಅವಲಂಬಿಸಿರುತ್ತದೆ. ಹರಳುಗಳಲ್ಲಿ ಹೆಚ್ಚಿನ ಪಾಲು ಸಹಜವಾಗಿಯೇ ಉದುರುತ್ತದೆ. ನೀರು, ಪೊಟ್ಯಾಷ್ ಅಥವಾ ಬೋರಾನ್ ಕೊರತೆಯಿಂದಲೂ ಪರಾಗಸ್ಪರ್ಶದ ವೈಫಲ್ಯದಿಂದಲೂ ಈ ಉದುರುವಿಕೆ ಮಿತಿಮೀರುತ್ತದೆ. ಸಸ್ಯಗಳಲ್ಲಿ ತೊಟ್ಟು ಕಳಚುವ ಸೂಚನೆಯನ್ನು ಜೀವಕೋಶಗಳಿಗೆ ತಲುಪಿಸುವುದು ಹಾರ್ಮೋನುಗಳು. ಸಾಮಾನ್ಯವಾಗಿ ಆಕ್ಸಿನ್ ತೊಟ್ಟನ್ನು ಹಿಡಿದಿಡುತ್ತದೆ. ಎಥಿಲೀನ್ ಕಳಚುವಿಕೆಯನ್ನು ತ್ವರಿತಗೊಳಿಸುತ್ತದೆ.

ಈ ಸೂಚನೆಯ ಹಿಂದೆ ಯಾವ ವಂಶವಾಹಿ ಇದೆ ಎಂಬುದನ್ನು ಅರಿಯಲು ವಂಶವಾಹಿ ನಿಶ್ಶಬ್ದೀಕರಣ ವಿಧಾನವನ್ನು ಬಳಸಲಾಗುತ್ತದೆ. ಇದರಲ್ಲಿ ವಂಶವಾಹಿಯನ್ನು ತೆಗೆದುಹಾಕುವುದಿಲ್ಲ. ಅದರ ಸಂದೇಶವನ್ನು ಒಯ್ಯುವ ಆರ್.ಎನ್.ಎ. ಪ್ರತಿಗಳು ಕೆಲಸ ಮಾಡದಂತೆ ತಡೆಯಲಾಗುತ್ತದೆ. 1990ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಟೊಮ್ಯಾಟೊದಲ್ಲಿ, ಕಾರ್ಯವೇನೆಂದು ತಿಳಿಯದಿದ್ದ ಒಂದು ವಂಶವಾಹಿಯನ್ನು ಹೀಗೆ ತಡೆದಾಗ ಎಥಿಲೀನ್ ಉತ್ಪಾದನೆ ಕುಗ್ಗಿತು. ಆ ವಂಶವಾಹಿಯ ಕೆಲಸವೇನೆಂಬುದು ಅದರಿಂದ ತಿಳಿಯಿತು. 1991ರಲ್ಲಿ ಅಮೆರಿಕದಲ್ಲಿ ಎಥಿಲೀನ್ ತಯಾರಿಕೆಯ ಮತ್ತೊಂದು ವಂಶವಾಹಿಯನ್ನು ತಡೆಯಲಾಯಿತು. ಆ ಗಿಡಗಳ ಕಾಯಿಗಳು ತಾವಾಗಿ ಮಾಗಲಿಲ್ಲ. ಹೊರಗಿನಿಂದ ಎಥಿಲೀನ್ ಅನಿಲ ಕೊಟ್ಟಾಗ ಮಾಗಿದವು. ಅಂದರೆ ಹಾರ್ಮೋನು ತಯಾರಿಸುವ ಶಕ್ತಿ ಕುಂದಿತ್ತು, ಅದರ ಸೂಚನೆಯನ್ನು ಗ್ರಹಿಸುವ ಶಕ್ತಿ ಉಳಿದಿತ್ತು. ಈ ಎರಡನ್ನು ಬೇರ್ಪಡಿಸಿ ನೋಡಲು ಸಾಧ್ಯವಾದುದೇ ವಿಧಾನದ ನಿಜವಾದ ಉಪಯೋಗ.

ತೆಂಗಿನಲ್ಲಿ ಇಂತಹ ಪ್ರಯೋಗ ಸುಲಭವಲ್ಲ. ಟೊಮ್ಯಾಟೊ ಕೆಲವೇ ತಿಂಗಳಲ್ಲಿ ಫಲ ಕೊಟ್ಟರೆ, ತಿಪಟೂರು ಟಾಲ್‌ನಂತಹ ಎತ್ತರದ ತಳಿಗೆ ಆರೇಳು ವರ್ಷ ಬೇಕು. ಪ್ರಯೋಗಾಲಯದಲ್ಲಿ ಜೀವಕೋಶದಿಂದ ಪೂರ್ಣ ಗಿಡ ಬೆಳೆಸುವುದೂ ಕಷ್ಟ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚೌಘಾಟ್ ಹಸಿರು ಗಿಡ್ಡ ತಳಿಯ ವಂಶವಾಹಿ ವಿವರವನ್ನು 2020ರಲ್ಲಿ ಪ್ರಕಟಿಸಿರುವುದರಿಂದ, ಯಾವ ವಂಶವಾಹಿಯನ್ನು ಪರೀಕ್ಷಿಸಬೇಕೆಂದು ಹುಡುಕುವ ಕೆಲಸವಾದರೂ ಹಗುರವಾಗಿದೆ.

ವಂಶವಾಹಿ ಮಾರ್ಪಡಿಸಿದ ತೆಂಗಿನ ಯಾವುದೇ ಸಸಿಯ ಬೇಸಾಯಕ್ಕೆ ಭಾರತದಲ್ಲಿ ಅನುಮತಿ ನೀಡಲಾಗಿಲ್ಲ. ಆದುದರಿಂದ "ಹರಳು ಉದುರದ ಜೀನ್ ಸಸಿ" ಎಂದು ಯಾರಾದರೂ ಮುಂಗಡ ಹಣ ಕೇಳಿದಲ್ಲಿ ಬೆಳೆಗಾರರು ಕೊಡತಕ್ಕದ್ದಲ್ಲ. ಹಾರ್ಮೋನು ಸಿಂಪಡಣೆಯಿಂದ ಪೊಟ್ಯಾಷ್ ಕೊರತೆ ನೀಗುವುದಿಲ್ಲ. ಔಷಧಿ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು ಕಡಿಮೆ ಖರ್ಚಿನ ದಾರಿ. ಸಸಿಗಳಿಗಾಗಿ ಅರ್ಜಿ ಸಲ್ಲಿಸುವವರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು. ಹರಳು ಉದುರುವಿಕೆಯ ಬಗ್ಗೆ ಸಲಹೆ ಬೇಕಾದವರು ಉದುರಿದ ಹರಳುಗಳನ್ನೂ ಜೊತೆಗೆ ತರುವುದು ಒಳಿತು. ನುಸಿ ಬಾಧೆ ಇದ್ದಲ್ಲಿ ತೊಟ್ಟಿನ ಕೆಳಭಾಗದ ಗುರುತು ನೋಡಿ ತಿಳಿಯಬಹುದು.