ಕಷಾಯದ ಬಟ್ಟಲು, ಔಷಧದ ಸೀಸೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆಗಲ್ಲಿನ ಶಾಸನವೊಂದುಂಟು. ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಲೋಕಕ್ಕೆ ತಿಳಿಯಪಡಿಸಿದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಈ ಸಂದೇಶದಲ್ಲಿ, ರಾಜನ ಮಾತನ್ನು ಹೇಳುವುದಕ್ಕೆ ಮುಂಚೆ ಅವರ ಆರೋಗ್ಯವನ್ನು ವಿಚಾರಿಸಲಾಗಿದೆ. ಅಶೋಕನ ಇನ್ನೊಂದು ಶಾಸನ ಗುತ್ತಿಯಿಂದ ಆಚೆಗಿರುವ ಎರ್ರಗುಡಿಯಲ್ಲಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಮದ್ದಿನ ಗಿಡಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಅದು ಹೇಳುತ್ತದೆ. ಹಿತ್ತಿಲಿನ ಗಿಡವೂ ಅರಸನ ಔಷಧವೂ ಒಂದೇ ಆಗಿದ್ದ ಕಾಲ ಅದು.

ಈಗಿನ ಮಾತು ಬೇರೆ. ಬಳ್ಳಾರಿಯ ಹಾದಿಯಲ್ಲಿರುವ ರಾಂಪುರವಾಗಲಿ, ಚಳ್ಳಕೆರೆಯಾಗಲಿ, ಬೆಂಗಳೂರೇ ಆಗಲಿ, ಮನೆಯಲ್ಲೊಬ್ಬರಿಗೆ ನೆಗಡಿ ಬಲಿತು ಎದೆಯಲ್ಲಿ ಕಫ ಕಟ್ಟಿತೆಂದರೆ ಎರಡು ಪಕ್ಷಗಳು ಏಳುತ್ತವೆ. ಅಜ್ಜಿಯದು ಕಷಾಯದ ಪಕ್ಷ. ಮೊಮ್ಮಗನದು ಮಾತ್ರೆಯ ಪಕ್ಷ. ಇವರಲ್ಲಿ ಯಾರ ಮಾತು ಸರಿ? ಇತಿಹಾಸವನ್ನು ಕೇಳಿದರೆ, ಇಬ್ಬರ ಮಾತೂ ಒಂದೊಂದು ಕಾಲಕ್ಕೆ, ಒಂದೊಂದು ಎಲ್ಲೆಯವರೆಗೆ ಸರಿ ಎಂದು ತೋರುತ್ತದೆ. ಆ ಎಲ್ಲೆ ಯಾವುದೆಂದು ಅರಿಯುವುದೇ ಮುಖ್ಯ. ಅರಿಯದೆ ಹೋದರೆ ಪ್ರಾಣಕ್ಕೇ ಸಂಚಕಾರ.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಹಳೆಯದು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಜೈನಮತಕ್ಕೆ ಒಪ್ಪುವಂತೆ ಮದ್ಯ, ಮಾಂಸ, ಜೇನು ಈ ಮೂರನ್ನೂ ಬಿಟ್ಟು ಹೇಳಿದ ಚಿಕಿತ್ಸೆ ಅದು. ಆದರೆ ಗ್ರಂಥವನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ನಮ್ಮ ಮನೆಗಳಲ್ಲಿ ನಿಜವಾದ ವೈದ್ಯಶಾಲೆ ಅಡಿಗೆಯ ಮನೆಯೇ ಆಗಿದ್ದಿತು. ಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ, ಬೆಲ್ಲ ಅಲ್ಲಿಯೇ ಇದ್ದುವು. ತುಳಸಿ, ದೊಡ್ಡಪತ್ರೆ, ಆಡುಸೋಗೆ ಹಿತ್ತಿಲಲ್ಲಿ. ಬಿಸಿ ಮಾಡಿದ ವೀಳ್ಯದೆಲೆಯಿಂದ ಎದೆಗೆ ಶಾಖ, ಮಲಗುವಾಗ ಅರಿಶಿನದ ಹಾಲು. ಕಾಸು ಖರ್ಚಿಲ್ಲದೆ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಇದು.

ಇದು ಬರಿಯ ನಂಬಿಕೆಯೆ? ಹಾಗೆನ್ನುವಂತಿಲ್ಲ. ಬೆಚ್ಚನೆಯ ದ್ರವದಿಂದ ಗಂಟಲಿಗೆ ಹಿತವಾಗುತ್ತದೆ. ಜೇನಿನಿಂದ ಮಕ್ಕಳ ರಾತ್ರಿಯ ಕೆಮ್ಮು ಸ್ವಲ್ಪ ತಗ್ಗುತ್ತದೆಂದು ಈಚಿನ ಪರೀಕ್ಷೆಗಳೂ ಹೇಳಿವೆ. ಆಡುಸೋಗೆಯ ಕಥೆಯಂತೂ ಸ್ವಾರಸ್ಯವಾದುದು. ಅದರ ಎಲೆಯಲ್ಲಿರುವ ವ್ಯಾಸಿಸೀನ್ ಎಂಬ ಸತ್ವದ ಜಾಡನ್ನೇ ಹಿಡಿದು ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸೀನ್ ಎಂಬ ಔಷಧವನ್ನು ನಿರ್ಮಿಸಿದರು. 1960ರ ದಶಕದಲ್ಲಿ ಬಳಕೆಗೆ ಬಂದ ಅದು ಕಫವನ್ನು ತೆಳುವಾಗಿಸುವ ಸಿರಪ್ಪುಗಳಲ್ಲಿ ಇಂದಿಗೂ ಇದೆ. ಅಜ್ಜಿ ಆಡುಸೋಗೆಯನ್ನು ಅರೆಯುತ್ತಾಳೆ; ಮೊಮ್ಮಗ ಅದರ ದೂರದ ನೆಂಟನನ್ನು ಅಂಗಡಿಯಿಂದ ತರುತ್ತಾನೆ.

ಇನ್ನು ಡಾಕ್ಟರರ ಪಕ್ಷ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಮೈಸೂರು ಸಂಸ್ಥಾನ 1908ರಲ್ಲಿ ಆಯುರ್ವೇದದ ವಿದ್ಯಾಲಯವನ್ನೂ, 1924ರಲ್ಲಿ ಮೆಡಿಕಲ್ ಕಾಲೇಜನ್ನೂ ಸ್ಥಾಪಿಸಿ ಎರಡು ಪದ್ಧತಿಗಳನ್ನೂ ಪೋಷಿಸಿತು. ಆದರೆ ಆ ದಿನಗಳಲ್ಲಿ ಎದೆಯ ಬೇನೆಗೆ ಡಾಕ್ಟರರ ಕೈಯಲ್ಲಿದ್ದುದಾದರೂ ಏನು? ಲೆನೆಕ್ 1816ರಲ್ಲಿ ಕಂಡುಹಿಡಿದ ಸ್ಟೆತೊಸ್ಕೋಪಿನಿಂದ ಎದೆಯೊಳಗಿನ ಸದ್ದನ್ನು ಕೇಳಿ ರೋಗವನ್ನು ಹೆಸರಿಸಬಲ್ಲವರಾಗಿದ್ದರು, ಅದನ್ನು ಅಳಿಸಬಲ್ಲವರಾಗಿರಲಿಲ್ಲ. ಅಗಸೆಬೀಜದ ಹಿಟ್ಟಿನ ಬಿಸಿ ಪಟ್ಟು, ಬ್ರೆಜಿಲ್ ದೇಶದ ಇಪಿಕಾಕ್ ಬೇರನ್ನು ಸೇರಿಸಿದ ಕೆಮ್ಮಿನ ಮಿಕ್ಸ್ಚರ್, ಇವೇ ಅವರ ಆಯುಧಗಳು. ಇವಕ್ಕೂ ನಮ್ಮ ಶಾಖ ಕಷಾಯಗಳಿಗೂ ಅಂತರವೇನು ದೊಡ್ಡದು? 1918ರ ಇನ್‌ಫ್ಲುಯೆಂಜಾ ಜ್ವರ ಮೈಸೂರು ಸೀಮೆಯಲ್ಲಿ ಮನೆಮನೆಯನ್ನೂ ಹೊಕ್ಕಾಗ, ಅಜ್ಜಿಯೂ ಡಾಕ್ಟರರೂ ಒಂದೇ ತೆರನಾಗಿ ಬರಿಗೈಯಲ್ಲಿ ನಿಂತಿದ್ದರು. ಆಗ ಮನೆಮದ್ದನ್ನೇ ನೆಚ್ಚಿದವರನ್ನು ಮೂಢರೆಂದು ಕರೆಯುವುದು ನ್ಯಾಯವಲ್ಲ.

ತಕ್ಕಡಿ ವಾಲಿದ್ದು ಇಪ್ಪತ್ತು ವರ್ಷಗಳ ಮೇಲೆ. 1938ರಲ್ಲಿ ಸಲ್ಫಾಪಿರಿಡೀನ್ ಬಂದಿತು. ಫ್ಲೆಮಿಂಗ್ 1928ರಲ್ಲಿ ಕಂಡಿದ್ದ ಪೆನಿಸಿಲಿನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಳಕೆಗೆ ಸಿಕ್ಕಿತು. 1955ರ ಹೊತ್ತಿಗೆ ಪುಣೆಯ ಬಳಿಯ ಪಿಂಪ್ರಿಯಲ್ಲಿ ನಮ್ಮ ಸರ್ಕಾರದ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿತು. ಅಂದಿನಿಂದ, ಕ್ರಿಮಿಗಳಿಂದ ಬಂದ ನ್ಯುಮೋನಿಯಾ ಗುಣವಾಗುವ ಕಾಯಿಲೆಯಾಯಿತು. ಕಷಾಯ ಬದಲಾಗಲಿಲ್ಲ, ಆದರೆ ಕಷಾಯವನ್ನು ನೆಚ್ಚಿ ಕಾದು ಕೂರುವುದರ ಬೆಲೆ ಬದಲಾಯಿತು.

ಹಾಗಾದರೆ ಹಳ್ಳಿಯವರು ಆಸ್ಪತ್ರೆಯ ಕಡೆಗೆ ತಲೆಹಾಕುವುದಿಲ್ಲ ಎಂಬ ದೂರು ನಿಜವೆ? ಇದಕ್ಕೆ ಉತ್ತರ ನಮ್ಮ ನೆರೆಯ ತುಮಕೂರು ಜಿಲ್ಲೆಯಲ್ಲಿಯೇ ದೊರಕಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅಲ್ಲಿನ ಕ್ಷಯರೋಗಿಗಳನ್ನು ವಿಚಾರಿಸಿ 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಪಾಶ್ಚಾತ್ಯ ಪದ್ಧತಿಯ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಹಾಗೆ ಹೋದವರಿಗೆ ಎಷ್ಟೋ ವೇಳೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಮಿಕ್ಸ್ಚರ್! ಕಫದ ಪರೀಕ್ಷೆಯೇ ನಡೆಯದಿದ್ದರೆ, ಆ ಸೀಸೆಗೂ ಮನೆಯ ಕಷಾಯಕ್ಕೂ ಏನು ಭೇದ? ಆದುದರಿಂದ ಮನೆಮದ್ದು ಮಾತ್ರವೇ ತಡಮಾಡಿಸುತ್ತದೆ ಎಂದು ತಿಳಿಯಬಾರದು; ಪರೀಕ್ಷಿಸದೆ ಕೊಟ್ಟ ಡಾಕ್ಟರರ ಔಷಧವೂ ತಡಮಾಡಿಸುತ್ತದೆ.

ಈ ಇತಿಹಾಸದಿಂದ ಗೃಹಸ್ಥರು ಕಲಿಯಬೇಕಾದುದೇನು? ಸಾಧಾರಣ ನೆಗಡಿ ವೈರಸ್ಸಿನಿಂದ ಬರುವಂಥದು. ಪೆನಿಸಿಲಿನ್ ಮೊದಲಾದ ಆ್ಯಂಟಿಬಯೋಟಿಕ್‌ಗಳಿಂದ ಅದಕ್ಕೆ ಉಪಯೋಗವಿಲ್ಲ. ಅಲ್ಲಿ ಅಜ್ಜಿಯ ಕಷಾಯವೂ ವಿಶ್ರಾಂತಿಯೂ ಸಾಕು. ಆದರೂ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಬಾರದು. ಗರ್ಭಿಣಿಯರಿಗೆ ಆಡುಸೋಗೆ ಬೇಡ. ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಬಾರದು. ಕಾಯಿಸಿದ ಬಳೆಯಿಂದ ಮಗುವಿಗೆ ಬರೆ ಹಾಕುವುದನ್ನಂತೂ ಮದ್ದೆಂದು ಕರೆಯಲೇಬಾರದು, ಅದು ಗಾಯ.

ಎಲ್ಲೆಯನ್ನು ಅಳೆಯಲು ಸ್ಟೆತೊಸ್ಕೋಪು ಬೇಡ, ಗಡಿಯಾರ ಸಾಕು. ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷದ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40. ಉಸಿರು ಇಷ್ಟನ್ನು ಮುಟ್ಟಿದರೆ, ಇಲ್ಲವೆ ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ, ಒಲೆಯ ಮೇಲಿನ ಕಷಾಯವನ್ನು ಇಳಿಸಿಟ್ಟು ಹೊರಡತಕ್ಕದ್ದು; ಬೆಳಗಾಗಲೆಂದು ಕಾಯಬಾರದು. ದೊಡ್ಡವರಲ್ಲಿಯೂ ಉಸಿರಿನ ಕಷ್ಟ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಹಾಗೆಯೇ. ಎರಡು ವಾರ ದಾಟಿದ ಕೆಮ್ಮಿಗೆ ಸೀಸೆಯನ್ನು ಬೇಡದೆ ಕಫದ ಪರೀಕ್ಷೆಯನ್ನು ಕೇಳಿರಿ. ಅಜ್ಜಿ ಕಷಾಯವನ್ನು ಕಾಯಿಸಲಿ, ಮೊಮ್ಮಗ ಉಸಿರನ್ನು ಎಣಿಸಲಿ. ಎರಡೂ ಒಂದೇ ಮನೆಯ ಕೆಲಸ.