ಹಾದಿಯಿಲ್ಲದ ಗುಡ್ಡ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪಕ್ಕದಲ್ಲಿ ಕುಳಿತವರೊಡನೆ ಮಾತು ಮುಗಿಯುವುದರೊಳಗೆ ಬಸ್ಸು ಊರು ಮುಟ್ಟಿಸುತ್ತದೆ. ಆದರೆ ಅದೇ ತಾಲೂಕಿನ ಭೀಮಗಡ ಇಂದಿಗೂ ದೂರವೇ. ಹೆಮ್ಮಡಗಾದ ಆಚೆ, ದಟ್ಟ ಕಾಡಿನ ನಡುವೆ ನಿಂತ ಆ ಗುಡ್ಡದ ಬದಿಗಳು ಗೋಡೆಯಂತೆ ಕಡಿದಾಗಿವೆ. ಒಂದು ಮಳೆಗಾಲ ಕಳೆದರೆ ಸಾಕು, ಕಾರವಿ ಗಿಡಗಳು ಆಳೆತ್ತರ ಬೆಳೆದು ಇದ್ದ ಕಾಲುಹಾದಿಯನ್ನೂ ನುಂಗಿಬಿಡುತ್ತವೆ. ನಡೆಯುವವರು ಕೈಯಿಂದ ಗಿಡ ಸರಿಸುತ್ತ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತ, ಹಳ್ಳದ ಸದ್ದನ್ನೇ ಗುರುತಾಗಿಟ್ಟುಕೊಂಡು ಸಾಗಬೇಕು.

ಹಾದಿಯೇ ಇಲ್ಲದ ಕಡೆ ಕೋಟೆಯನ್ನೇಕೆ ಕಟ್ಟಿದರು? ಉತ್ತರ ಸರಳ: ಆಗ ಹಾದಿಯಿತ್ತು. ಹದಿನೇಳನೆಯ ಶತಮಾನದಲ್ಲಿ ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಕರಾವಳಿಯ ಉಪ್ಪು ಎತ್ತಿನ ಬೆನ್ನೇರಿ ಘಟ್ಟ ಹತ್ತಿದರೆ, ಬಯಲುಸೀಮೆಯ ಕಾಳುಕಡಿ ಕೆಳಗಿಳಿಯುತ್ತಿತ್ತು. ಈ ಗಡಿಯ ಮೇಲೆ ಕಣ್ಣಿಡಲು ಶಿವಾಜಿ ಮಹಾರಾಜರು ಭೀಮಗಡವನ್ನು ಕಟ್ಟಿಸಿದರೆಂದು ಹೇಳುತ್ತಾರೆ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ವಶವಾಯಿತು. ಗುಡ್ಡದ ಕೋಟೆಗಳ ಕಾಲ ಮುಗಿಯಿತು. 1888ರ ಹೊತ್ತಿಗೆ ಮರ್ಮಗೋವೆಯ ರೈಲು ಕ್ಯಾಸಲ್‌ರಾಕ್ ಘಟ್ಟ ಹತ್ತಿತು. ಸರಕು ಲೋಂಡಾದ ಕಡೆ ಹರಿಯಿತು. ಎತ್ತಿನ ಗೊರಸು ಬೀಳದ ನೆಲದಲ್ಲಿ ಹುಲ್ಲು ಬೆಳೆಯಿತು.

2011ರ ಡಿಸೆಂಬರಿನಲ್ಲಿ ಸರಕಾರ ಸುಮಾರು 190 ಚದರ ಕಿಲೋಮೀಟರು ಕಾಡನ್ನು ಭೀಮಗಡ ವನ್ಯಧಾಮವೆಂದು ಘೋಷಿಸಿತು. ಬಾರಾಪೆಡೆ ಗವಿಗಳಲ್ಲಿ ಜಗತ್ತಿನಲ್ಲೇ ಅಪರೂಪದ ಬಾವಲಿಯಿದೆ. ಈ ಸೀಮೆಯ ದೇಗಾಂವದ ಬಳಿ ಮಹದಾಯಿ ಹುಟ್ಟುತ್ತದೆ. ನಮ್ಮ ಕೊಡ ತುಂಬುವ ನದಿಗಳಿಗೆ ಈ ಕಾಡೇ ತಾಯಿ. ಅದನ್ನು ಕಾಯಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಕಾಡಿನೊಳಗೆ ಮನೆಗಳೂ ಇವೆ. ಗವಾಳಿ, ಆಮಗಾಂವ, ತಳೇವಾಡಿ, ಕೃಷ್ಣಾಪುರ ಇವೆಲ್ಲ ಒಲೆ ಉರಿದ ಊರುಗಳು. 2024ರ ಜುಲೈ ಮಳೆಯಲ್ಲಿ ಆಮಗಾಂವದ ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಗೆ ಕಟ್ಟಿದ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳು ಪರಿಹಾರ ಪಡೆದು ಊರು ಬಿಡಲು ಒಪ್ಪಿದವು.

ಖಾನಾಪುರದ ಸಂತೆಯಲ್ಲಿ ಮುರುಗಲ ಸಿಪ್ಪೆ ಮಾರುತ್ತಿದ್ದ ಆ ಕಡೆಯ ಮುದುಕಿಯೊಬ್ಬರನ್ನು ಗುಡ್ಡದ ಹಾದಿ ಕೇಳಿದ್ದೆ. ಅರೆ ಮರಾಠಿ, ಅರೆ ಕನ್ನಡದಲ್ಲಿ ನಕ್ಕು ಹೇಳಿದರು: "ಬಾಯಾರ, ನಿಮಗ ಗುಡ್ಡ ಹತ್ತೂದು ಹೌಸಿ. ನಮಗ ಅದು ದವಾಖಾನೀ ಹಾದಿ, ಬಸರಾದ ಮಗಳನ್ನ ಕರಕೊಂಡು ಬರೂ ಹಾದಿ."

ಆ ಮಾತು ಕೇಳಿದ ಮೇಲೆ "ಮನುಷ್ಯರ ಸುಳಿವಿಲ್ಲದ ಕಾಡು" ಎಂದು ಯಾರಾದರೂ ಹೊಗಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಈಗ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಅದು ಸರಿಯೇ. ಆದರೆ ಕೋಟೆಯ ಇತಿಹಾಸ ಬರೆಯುವಾಗ ಅದನ್ನು ಕಟ್ಟಿಸಿದವರ ಹೆಸರಿನ ಪಕ್ಕದಲ್ಲಿ, ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಕೂಸು ಹೊತ್ತು ನಡೆನಡೆದೇ ಅಲ್ಲಿ ಹಾದಿ ಮಾಡಿದ ಹೆಂಗಸರಿಗೂ ಒಂದು ಸಾಲು ಸಲ್ಲಬೇಕು. ಅವರು ಊರು ಬಿಟ್ಟ ಮೇಲೆ ಆ ಹಾದಿಯನ್ನೂ ಕಾರವಿ ಮುಚ್ಚುತ್ತದೆ.