ಮಾತ್ರೆ ಮತ್ತು ಮಾತು: ಖಿನ್ನತೆಯ ಚಿಕಿತ್ಸೆಯ ಮೊದಲ ಆರು ವಾರಗಳು

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿರುವವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮನೋವೈದ್ಯರ ಕೊರತೆ, ಜನರ ಹಿಂಜರಿಕೆ ಎಂದು ಇದಕ್ಕೆ ಕಾರಣ ಕೊಡುವುದುಂಟು. ಎರಡೂ ನಿಜ. ಆದರೆ ವೈದ್ಯರ ತನಕ ಬಂದವರೂ ನಡುವಿನಲ್ಲೇ ಚಿಕಿತ್ಸೆ ಬಿಡುವುದೇಕೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ.

ಕರ್ನಾಟಕದಲ್ಲಿ ಸೌಲಭ್ಯವೇ ಇಲ್ಲವೆನ್ನುವಂತಿಲ್ಲ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಿಂದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ತೊಡಕಿರುವುದು ಒಂದು ಮಂಗಳವಾರಕ್ಕೂ ರೋಗಿ ಮತ್ತೆ ಬರಬೇಕಾದ ಮಂಗಳವಾರಕ್ಕೂ ನಡುವೆ.

‘ಎದೆ ಭಾರ, ನಿದ್ದೆ ಹತ್ತಲ್ಲ, ಕೈಕಾಲಲ್ಲಿ ಶಕ್ತಿಯಿಲ್ಲ’ ಎಂದು ಬರುವವರಿಗೆ ಖಿನ್ನತೆಯ ಮಾತ್ರೆ ಎಸಿಟಾಲೊಪ್ರಾಮ್, ಜೊತೆಗೆ ಕೆಲ ದಿನಗಳ ಮಟ್ಟಿಗೆ ಕ್ಲೋನಜೆಪಾಮ್ ಬರೆಯುವುದು ನಮ್ಮಲ್ಲಿ ಸಾಮಾನ್ಯ. ಎರಡನೆಯದರಿಂದ ಅಂದು ರಾತ್ರಿಯೇ ನಿದ್ದೆ ಬರುತ್ತದೆ. ಮೊದಲನೆಯದು ಆರಂಭದಲ್ಲಿ ಕೊಡುವುದು ಹೊಟ್ಟೆ ತೊಳಸು, ತಲೆನೋವು; ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ತಿಳಿಯಲು ಆರೆಂಟು ವಾರ. ಹೀಗಾಗಿ ರೋಗಿ ಬೇಕಾದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ಮುಂದುವರಿಸುವ ಅಪಾಯವಿದೆ. ‘ಚಟ ಹತ್ತುತ್ತೆ’ ಎಂಬ ಮನೆಯವರ ಭಯ ಕ್ಲೋನಜೆಪಾಮ್ ವಿಷಯದಲ್ಲಿ ಸಕಾರಣವೇ. ಎಸಿಟಾಲೊಪ್ರಾಮ್ ಚಟ ಹತ್ತಿಸುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಕಾಣಬಹುದು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಪುರುಸೊತ್ತು ಹೊರರೋಗಿ ವಿಭಾಗದ ಸಾಲಿನೆದುರು ಯಾರಿಗಿದೆ? ಅಮೆರಿಕದ ‘ಸ್ಟಾರ್-ಡಿ’ ಅಧ್ಯಯನದಲ್ಲಿ (2006) ಮೊದಲ ಔಷಧದಿಂದಲೇ ಪೂರ್ಣ ಚೇತರಿಸಿಕೊಂಡವರು ಮೂರರಲ್ಲೊಂದು ಪಾಲು ಮಾತ್ರ. ಮದ್ದು ಬದಲಿಸಬೇಕಾಗಿ ಬರುವುದು ವೈದ್ಯರ ಸೋಲಲ್ಲ ಎಂದು ರೋಗಿಗೆ ಮೊದಲೇ ಗೊತ್ತಿರಬೇಕು.

ಇಲ್ಲಿ ಮಾತಿನ ಚಿಕಿತ್ಸೆಯ ಪಾತ್ರವಿದೆ. ನೆರೆಯ ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನಶ್ಶಾಸ್ತ್ರದ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಬಾರಿ ರೋಗಿಯ ಜೊತೆ ಕೂತರು. ನಿಂತುಹೋದ ಕೆಲಸಗಳಲ್ಲಿ ಸಣ್ಣದೊಂದನ್ನು ಆರಿಸಿ, ದಿನ ಗೊತ್ತುಮಾಡಿ, ಮಾಡಿದಾಗ ಮನಸ್ಸು ಹೇಗಿತ್ತೆಂದು ಮುಂದಿನ ಭೇಟಿಯಲ್ಲಿ ವಿಚಾರಿಸುವುದು ಅವರ ವಿಧಾನದ ತಿರುಳು. ಮೂರು ತಿಂಗಳಲ್ಲಿ ಶೇ. 64 ಮಂದಿ ಚೇತರಿಸಿಕೊಂಡರು. ಆ ಭೇಟಿಗಳಿಲ್ಲದ ಗುಂಪಿನಲ್ಲಿ ಶೇ. 39. ಆತ್ಮಹತ್ಯೆಯ ಯೋಚನೆ ಬಲವಾಗಿದ್ದರೆ ಇಷ್ಟೇ ಸಾಲದು, ತಡಮಾಡದೆ ಮನೋವೈದ್ಯರೇ ನೋಡಬೇಕು. ಉಳಿದವರ ಮಟ್ಟಿಗೆ ‘ಮಾತ್ರೆಯೋ ಮಾತೋ’ ಎಂಬ ವಾದ ನನಗೆ ವ್ಯರ್ಥವೆನಿಸುತ್ತದೆ. ಔಷಧ ಕೆಲಸಕ್ಕೆ ಹತ್ತುವ ತನಕ ರೋಗಿಯನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳಲು ಮಾತು ಬೇಕೇ ಬೇಕು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416) ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚೀಟಿ ಪಡೆದವರಿಗೆ ಎರಡನೇ ವಾರ ಈ ಸಹಾಯವಾಣಿಯಿಂದಲೇ ಒಂದು ಕರೆ ಹೋಗುವಂತಾಗಬೇಕು. ಮಂಗಳವಾರದ ಕ್ಲಿನಿಕ್‌ನ ಸಾಧನೆಯನ್ನೂ ಹೊಸ ಹೆಸರುಗಳ ಎಣಿಕೆಗಿಂತ ಆರನೇ ವಾರ ಮರಳಿ ಬಂದವರ ಎಣಿಕೆಯಿಂದ ಅಳೆಯಬೇಕು.